ಬದಿಯಡ್ಕದಲ್ಲಿ ಮೋಟಾರು ಕೊಂಡದ್ದು

ಎಂಟುನೂರರದ್ದು ಅಂಗೈಯಲ್ಲಿ ಹಗುರ.
ಅಂದುಂಞಿ ಮುಚ್ಚಳ ಬಿಚ್ಚಿ ತೋರಿಸಿದ:
ಒಳಗೆ ಪ್ಲಾಸ್ಟಿಕ್ ಹಲ್ಲು.
‘ಇದು ಆಟಿ ದಾಟದು ಮಾರಾಯ.’

ಎರಡು ಸಾವಿರದ್ದಕ್ಕೆ ಲೋಹದ ಗಿಯರು,
ನೀರು ಹೊಗದ ರಬ್ಬರು, ಕಲ್ಲಿನ ತೂಕ.
ಬ್ಯಾಟರಿಗೆ ತಾಗಿಸಿದೆವು. ಗುರ್ರೆನ್ನಲಿಲ್ಲ,
ಸುಮ್ಮನೆ ತಿರುಗಿತು, ಕೆಲಸ ಗೊತ್ತಿದ್ದವನ ಹಾಗೆ.

ನಾನು ಚೌಕಾಶಿ ಮಾಡಲಿಲ್ಲ.

ಮೊನ್ನೆ ಕುಂಬಳೆ ದಾಟುವಾಗ
ವೈಪರು ಅರ್ಧಕ್ಕೇ ನಿಂತು ಗಾಜೆಲ್ಲ ಬರೀ ನೀರು.
ಕಡ್ಡಿಗೆ ಹಗ್ಗ ಕಟ್ಟಿದೆ. ಒಂದು ತುದಿ ನನಗೆ,
ಇನ್ನೊಂದು ಡಯಾಲಿಸಿಸ್‌ಗೆ ಹೊರಟ ದೇಜಪ್ಪಣ್ಣನಿಗೆ.
ತಲಪಾಡಿಯವರೆಗೂ ಎಳೆದರು,
ಸೂಜಿ ಚುಚ್ಚುವ ಕೈಯನ್ನು ಮಡಿಲಲ್ಲಿಟ್ಟು
ಇನ್ನೊಂದರಲ್ಲಿ.
ನಾನೊಮ್ಮೆ, ಅವರೊಮ್ಮೆ.

ಇಳಿದು ಬಾಡಿಗೆ ಕೊಡಲು ಬಂದರು.
ಬೆರಳು ಮಡಚಲಾಗದೆ
ನೋಟು ಕೆಳಗೆ ಬಿತ್ತು.