ಉಪ್ಪುನೀರಿನಲ್ಲಿ ಹಲ್ಲಿ

ಗ್ಡಾನ್ಸ್ಕ್‌ನ ಓಣಿ. ಕಡಲಗಾಳಿ ಬಾಗಿಲು ತಟ್ಟುವ ಅಂಗಡಿ.
ಗ್ರಾಜಿನಾ ಒಂದು ಲೋಟ ನೀರಿಗೆ
ಏಳು ಚಮಚ ಉಪ್ಪು ಸುರಿದು ಕದಡುತ್ತಾಳೆ,
ಮಾತಾಡದೆ.

ಎದುರಿಗೆ ವಿಟೋಲ್ಡ್, ಟ್ರಾಮ್ ಓಡಿಸಿ ನಿವೃತ್ತ.
ಟೊಪ್ಪಿಯೊಳಗೆ ಹತ್ತಿ, ಹತ್ತಿಯೊಳಗೆ ಅಂಬರ್,
ಕಲ್ಲಾದ ಮರದಂಟು; ಅದರೊಳಗೊಂದು ಹಲ್ಲಿ,
ಕಾಲ್ಬೆರಳು ಸಹ ಎಣಿಸಬಹುದು.
ನಾಲ್ಕು ಕೋಟಿ ವರ್ಷದ್ದಂತೆ.
ಮೂರು ತಿಂಗಳ ಪಿಂಚಣಿಯದ್ದು.

"ಹನ್ನೆರಡು ಫೋಟೋ ಕಳಿಸಿದ್ದ," ಅನ್ನುತ್ತಾನೆ,
"ಪತ್ರವೂ ಇದೆ, ಮೊಹರು ನೋಡಿ."
ಅವಳು ನೋಡುವುದಿಲ್ಲ.
ಮೊಹರು ತೇಲುತ್ತದೆಯೇ?

ಬಿಟ್ಟಳು.
ಕಲ್ಲು ಲೋಟದ ತಳಕ್ಕೆ ಹೋಗಿ ಕೂತಿತು,
ದಣಿದು ಮನೆ ಸೇರಿದವರ ಹಾಗೆ.

"ಉಪ್ಪು ಸಾಲದೇನೋ," ಎಂದ.
ಎಂಟನೆಯ ಚಮಚ ಹಾಕಿದಳು,
ಅವನಿಗಾಗಿ.

ಆಮೇಲೆ ಸೂಜಿ. ಕೆಂಪಗೆ ಕಾಸಿ ತುದಿ ಮುಟ್ಟಿಸಿದರೆ
ಪೈನ್ ಮರದ ಧೂಪ ಏಳಬೇಕಿತ್ತು;
ಎದ್ದದ್ದು ಸುಟ್ಟ ಬಾಚಣಿಗೆಯ ವಾಸನೆ.
ದುಡ್ಡು ಕಳಿಸುವ ಮುಂಚೆ ಒಂದು ಮಾತು ಕೇಳಬಾರದಿತ್ತೇ
ಎಂಬುದು ಅವಳ ನಾಲಿಗೆ ತನಕ ಬಂದು
ಅಲ್ಲೇ ಕರಗಿತು.

"ಹಲ್ಲಿಯಾದರೂ ನಿಜವೇ?"

ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು.
ನಿಜ. ಹಲ್ಲಿ ಮಾತ್ರ ನಿಜ.
ಹೋದ ಬೇಸಿಗೆಯದ್ದು.
ಯಾರದೋ ಗೋಡೆಯ ಮೇಲೆ, ದೀಪದ ಪಕ್ಕ
ನೊಣ ಕಾಯುತ್ತಿದ್ದದ್ದು.

ಆಡಿದ ಮಾತು ದಿಟವೆಂದು ಲೊಚಗುಟ್ಟುವ ಜಾತಿ ಅದು.
ಬಾಯಿ ತುಂಬ ಪ್ಲಾಸ್ಟಿಕ್ಕು.

ವಿಟೋಲ್ಡ್ ಅದನ್ನು ಒರೆಸಿ, ಮತ್ತೆ ಹತ್ತಿಯಲ್ಲಿಟ್ಟ,
ಈಗ ಬೇರೊಂದು ಬಗೆಯ ಜೋಪಾನದಿಂದ.