ಗೆದ್ದಲು ತಿಂದ ಮೂಲಿ

ನಮ್ಮ ಹೊಳಿಯ ಹೆಸರು ಡೋಣಿ,
ಹೊಳಿದಂಡಿ ಊರು ಹಡಗಿನಾಳ,
ಊರಾಗ ಹಡಗು ಕಂಡವರು
ಒಬ್ಬರೂ ಇಲ್ಲ.
ನಾನು ಕಂಡದ್ದು
ತಾಳಿಕೋಟಿ ಗೊಬ್ಬರದಂಗಡಿ ಕ್ಯಾಲೆಂಡರಿನಾಗ:
ಮೂರು ಕಂಬ, ಹನ್ನೊಂದು ಹಾಯಿ,
ಹಾಯಿ ತುಂಬ ಎಲ್ಲಿಯದೋ ಗಾಳಿ.
ಮೂತಿ ಇದ್ದ ಮೂಲಿಯಷ್ಟು
ಗೆದ್ದಲು ತಿಂದಿತ್ತು.

ಕೂರಿಗಿ, ಕುಂಟಿ, ಬಾಗಿಲ ಚೌಕಟ್ಟು ಮಾಡಿದ ಕೈ ಇದು.
ಈಗ ಟ್ರಾಲಿಗೆ ಹಲಗಿ ಬಡಿ ಅಂತಾರ.
ಆಷಾಢದಾಗ ಅದೂ ಇಲ್ಲ.
ಹಳೇ ತೊಟ್ಟಿಲ ತೇಗು ಸೀಳಿ ಕುಂತೆ.
"ಯಾರ ಆರ್ಡರು?" ಅಂದಳು ಕಾಳವ್ವ.
"ಯಾರದೂ ಅಲ್ಲ."
"ಹಂಗಾರ ರೊಕ್ಕ?"
ರಂದಾದ ಸಪ್ಪಳ ಜೋರು ಮಾಡಿದೆ.

ಬೆನ್ನೆಲುಬು, ಪಕ್ಕೆಲುಬು, ಹೊಟ್ಟಿ ಸಲೀಸು.
ಹಲಗಿ ಮೂತಿಯ ಕಡೆ ತಿರುಗಿದಾಗ ತಂಟೆ.
ಎಡದ ಪಟ್ಟಿ, ಬಲದ ಪಟ್ಟಿ
ಒಂದೇ ಏಣಿನ ಮ್ಯಾಲ ಕೂಡಬೇಕು,
ಮುನಿದ ದಾಯಾದಿಗಳು ಒಂದು ಪಂಕ್ತಿಗೆ ಕುಂತಂಗ.
ಮೊದಲನೇದು ಚಟ್ ಅಂತು. ಎರಡನೇದೂ.
ಮೂರನೇದು ಬಾಗಿತು, ನಂಬಿ ಮಲಗಿದೆ,
ನಡುರಾತ್ರಿ ಸಿಡಿದು ಓಣಿಯ ನಾಯಿ ಎಬ್ಬಿಸಿತು.

ಮುಂಜಾನೆ ಕಾಳವ್ವ ಮಾತಾಡದ
ಇಡ್ಲಿ ಪಾತ್ರಿ ತಂದಿಟ್ಟಳು.
ಅರ್ಧ ತಾಸು ಹಬೆ ಕುಡಿದ ತೇಗು
ಚಕ್ಕುಲಿ ಹಿಟ್ಟಿನಂಗ ಹೇಳಿದ್ದು ಕೇಳಿತು.
ಆ ವಾರದ ಇಡ್ಲಿಗೆ ತೇಗಿನ ವಾಸನಿ.
ಯಾರೂ ಬೈಲಿಲ್ಲ ಅಂದರ ಸುಳ್ಳಾದೀತು.

ಮೂಗಿನ ಮುಂದ ಚಾಚಿದ ಕೋಲಿಗೆ ಏನಂತಾರೋ,
ನಾನು ಈಸು ಅಂದೆ.
ನೇಗಿಲಕೋಲಿಗೂ ಅದೇ ಹೆಸರು,
ನೀರಾಗ ಕೈಕಾಲು ಬಡಿಯೋದಕ್ಕೂ ಅದೇ.
ಈಸಿನ ತುದಿಯಿಂದ ಕಂಬದ ತನಕ
ಮೇಣ ತಿಕ್ಕಿದ ಗಾಳಿಪಟದ ದಾರ, ಏಳು ಎಳಿ.
ಎರಡೂ ಬಾಜೂ ಮೂಗುತಿಯಷ್ಟು ತೂತು,
ತೂತಿನಿಂದ ಇಳಿದ ಸರಪಳಿ
ಮಗಳ ಹರಿದ ಕಾಲುಚೈನು,
ಲಂಗರು, ಹಳೇ ಚಿಲಕದ ಕೊಂಡಿ.

ಈಸಿನ ಕೆಳಗ ಏನಿತ್ತೋ
ಗೆದ್ದಲಿಗೇ ಗೊತ್ತು.
ರೆಕ್ಕಿ ಇರೋ ಹೆಂಗಸು, ಅಂದ ಹೈಸ್ಕೂಲಿನ ಸಾಯಬಣ್ಣ.
ಸಿಂಹ, ಅಂದ ಕಟಿಂಗ್ ಅಂಗಡಿ ಶರೀಫ,
ಹುಲಿ ಆದರೂ ನಡೀತದ.
ಕಾಳವ್ವ: ಏನರೆ ಮಾಡು, ಕಣ್ಣಿರಲಿ.
ತೊಟ್ಟಿಲಿಗೆ ಗಿಳಿ ಕಡೆದವ ನಾನು.
ಗಿಳಿ ಸಮುದ್ರಕ್ಕ ಹೆದರೀತು.

ಹಿತ್ತಲದಾಚೆ ಶರೀಫನ ಟಗರು
ಗೂಟಕ್ಕ ಗುದ್ದತಿತ್ತು.
ಗೂಟಕ್ಕ ಸಿಟ್ಟಿಲ್ಲ, ಟಗರಿಗೂ ಇಲ್ಲ.
ಒಂದು ಗುದ್ದು, ಹಿಂದ ಸರಿಯೋದು, ಮತ್ತೊಂದು.
ಅಲಿ ಅಂದರ ಹಿಂಗ ಇರಬೇಕು ಅನಿಸಿತು.

ಬೇವಿನ ತುಂಡು, ಸಣ್ಣುಳಿ, ಹದಿನೆಂಟು ದಿನ.
ತುಟಿಯ ಹತ್ತಿರ ಬ್ಲೇಡಿನ ಚೂರು.
ಬಲಗೊಂಬು ಮೂರು ಸುತ್ತು ಸುತ್ತಿ
ಹಲಗಿಯ ಬಾಗಿಗೆ ಕಿವಿಯಾಗಿ ಕುಂತಿತು.
ಎಡಗೊಂಬು ಎರಡನೇ ಸುತ್ತಿಗೆ
ಎಳಿ ಹಿಡಿದು ಸೀಳಿ ಹಾರಿತು.
ನೆಲವೆಲ್ಲ ಸವರಿದೆ, ಕೋಳಿ ನುಂಗಿತೋ ಏನೋ.
ಹೋಗಲಿ. ಕಾದಾಡಿದ ಟಗರಿಗೆ
ಎರಡೂ ಕೊಂಬು ಉಳಿದಿರ್ತಾವೇನು?
ಕಣ್ಣು ಕಡೀಕ:
ಅಮಾಸಿ ಕಳೆದ ಮುಂಜಾನೆ, ಜಳಕ ಮಾಡಿ,
ಉಸಿರು ಹಿಡಿದು,
ಎರಡೇ ಏಟು.

ಆ ರಾತ್ರಿ ಡೋಣಿ ಬಂತು.
ಸೇತುವಿ ಮುಳುಗಿ
ಬಸ್ಸು ಆಚೆ ದಂಡಿಗೆ ನಿಂತಿತು.
ನಾಲ್ಕು ಕೊಡ ಹೊಳಿನೀರು ಹೊತ್ತು ತಂದು
ದನದ ಕಲ್ಲದೋಣಿಗೆ ಸುರುವಿದೆ.
ನಾಲಿಗಿಗೆ ಹಚ್ಚಿ ನೋಡಿದೆ, ಹೊಸ ನೀರು,
ಆದರೂ ಕೆಳಗೆಲ್ಲೋ ಒಂದು ಹಳಿ ಉಪ್ಪು.
ದನ ಮೂಸಿ ಹಿಂದ ಸರಿದವು.

ಬಿಟ್ಟೆ.
ಟಗರು ಮುಗ್ಗರಿಸಿ, ನೀರಾಗ ಮುಸುಡಿ ಇಟ್ಟು,
ಹಿಂಭಾಗ ಮ್ಯಾಲೆತ್ತಿ ನಿಂತಿತು.
ಶರೀಫ ನಕ್ಕ. ಸಾಯಬಣ್ಣ ಕಾರಣ ಹೇಳಿದ.
ಕಾಳವ್ವ ಒಳಗ ಹೋಗಿ
ಬೊಗಸಿ ತುಂಬ ಬಿಳಿಜೋಳ ತಂದು
ಹಿಂದಿನ ಖೋಲಿಯಾಗ ಒಂದೊಂದೇ ಕಾಳು ಬಿಟ್ಟಳು.
ಡೋಣಿ ಹರಿದರ ಓಣೆಲ್ಲ ಕಾಳು
ಅಂತಿದ್ದರು ಹಿರೇರು.
ನೂರು ದಾಟಿರಬೇಕು,
ಟಗರು ತಲಿ ಎತ್ತಿತು, ಗಡ್ಡದಿಂದ ನೀರು ಇಳಿತು.

ಗಾಳಿ ಇರಲಿಲ್ಲ.
ಒಲಿಯ ಊದುಗೊಳವಿ ಬಂತು.
ಹನ್ನೊಂದು ಹಾಯಿಗೆ ಕಾಳವ್ವ ಉಸಿರು ಕೊಟ್ಟಳು.
ಹೋಗಿ ಕಲ್ಲಿಗೆ ಗುದ್ದಿತು.
ಹಿಂದ ಸರಿತು.
"ಇನ್ನೊಮ್ಮೆ ಊದು" ಅಂದೆ.