ಪ ಇಲ್ಲದ ವಿಷಯ

ಐದು ನಿಮಿಷ, ವಿಷಯ ನಿಮ್ಮಿಷ್ಟ, ಎಂದರು ಟೀಚರು.
ಅವೈರು ಊರಿನ ಆ ಶಾಲೆಯ ಕಿಟಕಿಯಾಚೆ
ಉಪ್ಪಿನ ಗದ್ದೆಗಳು ಬೆಳ್ಳಗೆ ಕಣ್ಣು ಕುಕ್ಕುತ್ತಿದ್ದವು.

ಅಮಾರುವಿಗೆ ವಿಷಯದ ಬರವಿಲ್ಲ.
ಇರುವುದು ಒಂದೇ ತೊಡಕು: ಪ.
ತುಟಿಗೆ ತುಟಿ ಕೂತರೆ ಮುಗಿಯಿತು,
ತುಕ್ಕು ಹಿಡಿದ ಚಿಲಕ.
ಮ ಹೇಗೋ ಮೂಗಿನ ಸಂದಿಯಿಂದ ನುಸುಳುತ್ತದೆ,
ಪ ಮಾತ್ರ ಬಾಗಿಲಲ್ಲೇ ನಿಂತು ಬಡಿಯುತ್ತದೆ,
ಬಡಿಯುತ್ತಲೇ ಇರುತ್ತದೆ.

ಮೀನಿನ ಬಗ್ಗೆ ಹೇಳಲೇ? ಅವರ ನುಡಿಯಲ್ಲಿ ಅದು ಪೈಶ್.
ರೊಟ್ಟಿ? ಪಾಂವ್. ನಮ್ಮ ಬೇಕರಿಗೂ ಬಂದು ಕೂತಿದೆಯಲ್ಲ, ಅದೇ.
ಸೇತುವೆ ಪೊಂತ್, ಬಂದರು ಪೋರ್ತು.
ದೇಶದ ಹೆಸರೇ ಪೋರ್ಚುಗಲ್ ಎಂದ ಮೇಲೆ
ದೇಶಭಕ್ತಿಯೂ ಹೋಯಿತು.
ಟೀಚರನ್ನು ಕರೆಯಲೂ ಪ್ರೊಫೆಸೋರಾ ಅನ್ನಬೇಕು;
ಪುಣ್ಯಕ್ಕೆ ಹುಡುಗರೆಲ್ಲ ಬರೀ ಸ್ತೋರಾ ಅನ್ನುತ್ತಾರೆ.

ಕೊನೆಗೆ ಸಿಕ್ಕಿತು ಉಪ್ಪು.
ನಮ್ಮ ಉಪ್ಪಿನಲ್ಲಿ ಎರಡೆರಡು ಪ, ಒಂದರ ಮೇಲೊಂದು;
ಅವರದು ಸಾಲ್,
ನಾಲಿಗೆಗೆ ಇಟ್ಟರೆ ತಾನೇ ಕರಗುವ ಮಾತು.

ಬರೆದ. ಒಳನುಗ್ಗುವ ಕಡಲು, ಗಾಳಿ,
ಆಗಸ್ಟಿನ ಬಿಸಿಲಿಗೆ ಕೆನೆಗಟ್ಟುವ ನೀರು.
ನಡುವೆ ಬರುವ ಚಿಲ್ಲರೆ ಪಗಳನ್ನು
ಕೆಮ್ಮಿನಲ್ಲಿ ಮುಚ್ಚಬಹುದು.
ಎರಡನೇ ಹಾಳೆಯಲ್ಲಿ ಉಪ್ಪು ಎಳೆಯಲು
ಒಬ್ಬ ಬೇಕಾದ.
ಪಾಯ್.
ಅಪ್ಪ.

ಹೊಡೆದು ಹಾಕಿದ. 'ಆ ಮನುಷ್ಯ' ಎಂದು ಬರೆದ.
'ನಮ್ಮ ಮನೆಯಲ್ಲಿರುವ, ಹಿಮ್ಮಡಿ ಒಡೆದ ಒಬ್ಬರು.'
'ಅಮ್ಮನ ಗಂಡ.'

ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಓದಿ ತೋರಿಸಿದ.
ಅಪ್ಪ ಸೂಪಿನ ಬಟ್ಟಲಿಂದ ತಲೆಯೆತ್ತಲಿಲ್ಲ.
ಚೆನ್ನಾಗಿದೆ, ಎಂದ ಆಮೇಲೆ.
ಯಾರು ಆ ಮನುಷ್ಯ?

ಹುಡುಗ ಚಮಚ ನೋಡಿದ.
ಅಪ್ಪ ಒಂದೊಂದೇ ಮಾತನ್ನು
ಕೊಯ್ಲಿನ ಉಪ್ಪಿನಂತೆ ಎಳೆದು ಗುಡ್ಡೆ ಹಾಕಿದ:
ನಿನಗೆ ಅಜ್ಜನ ಹೆಸರಿಡಬೇಕಿತ್ತು.
ಚರ್ಚಿನಲ್ಲಿ ಕೇಳಿದರು, ಮಗುವಿನ ಹೆಸರೇನು?
ನನಗೆ ಮೊದಲಕ್ಷರವೇ ಏಳಲಿಲ್ಲ.
ಮೇಣ ಕರಗಿ ನಿನ್ನ ಚಿಕ್ಕಮ್ಮನ ಕೈಮೇಲೆ ಬಿತ್ತು.
ಹಿಂದೆ ಯಾರೋ ಕೆಮ್ಮಿದರು.
ಅಮಾರು ಎಂದುಬಿಟ್ಟೆ.
ಗದ್ದೆಯ ಆ ತುದಿಯಿಂದ ಕೂಗಿದರೂ
ನನಗೆ ತಡೆಯದ ಹೆಸರು.

ಅಜ್ಜ ಪತ್ರೀಸಿಯು.
ಅದನ್ನು ಹೇಳಿದ್ದು ಒಲೆಯ ಹತ್ತಿರದಿಂದ, ಅಮ್ಮ.

ಹಾಳೆಯ ನೆತ್ತಿಯ ಮೇಲಿದ್ದ ಸಾಲ್ ಹಾಗೇ ಉಳಿಯಿತು.
'ಆ ಮನುಷ್ಯ'ನನ್ನು ಮೂರೂ ಕಡೆ ಹೊಡೆದು
ಮೇಲೆ ಆ ಪುಟ್ಟ ಪದ ಬರೆದ.
ಅಂಚಿನಲ್ಲಿ ಪೆನ್ಸಿಲಿನಿಂದ:
ಇಲ್ಲಿ ಹೊತ್ತು ಹಿಡಿಯುತ್ತದೆ.
ಸ್ತೋರಾ ಹತ್ತಿರ ಇನ್ನೊಂದು ನಿಮಿಷ ಕೇಳಬೇಕು.